ನೆನೆಯದ ದ್ರಾಕ್ಷಿ

"ಆ ಹಗ್ಗ ಮುಟ್ಟಬ್ಯಾಡ್ರಿ!"

ವಿದ್ಯಾವತಿ ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಈ ನಾಲ್ಕು ದಿನದಲ್ಲಿ ಪಿಎಸ್‌ಐ ಮಿನಾಜ ಬಾಗವಾನ ಇಷ್ಟು ಜೋರಾಗಿ ಕೂಗಿದ್ದನ್ನು ಆಕೆ ಕೇಳಿರಲಿಲ್ಲ.

"ಇದೇನ್ರಿ ಮೇಡಮ್ಮಾರ, ಈಗರ ತಾಡಪತ್ರಿ ತೆಗೀರಿ ಅಂದವ್ರು ನೀವ, ಬ್ಯಾಡ ಅನ್ನವ್ರೂ ನೀವ? ನಾಲ್ಕ ದಿನ ಆತು ಮುಚ್ಚಿ. ಗಾಳಿ ಆಡಲಿಲ್ಲಂದ್ರ ಹಣ್ಣೆಲ್ಲ ಬೂಷ್ಟ ಹಿಡಿತಾವ. ಹಣ್ಣ ತಂದಿಟ್ಟ ಬಬಲೇಶ್ವರದ ರೈತಗ ನಾ ಏನ ಹೇಳ್ಲಿ?"

"ತೆಗೀರಿ ಅಂದದ್ದು ಖರೆ. ಆಗ ನಾ ಹಗ್ಗ ನೋಡಿರಲಿಲ್ಲ."

ಇಲ್ಲೇ, ತಿಕೋಟಾದ ಅಂಚಿನ ಈ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ, ಮಂಗಳವಾರ ಸಂಜೆ ಮೇಸ್ತ್ರಿ ರೇವಪ್ಪ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ರಕ್ತ ಹತ್ತಿದ, ನಟ್ಟು ತಿರುಗಿಸುವ ದೊಡ್ಡ ಪಾನಾ. ಆ ಪಾನಾ ಸೊಲ್ಲಾಪುರ ರಸ್ತೆಯ ಮೆಕ್ಯಾನಿಕ್ ಇರ್ಫಾನನದು. ಅಂದು ಟ್ರ್ಯಾಕ್ಟರಿನ, ಔಷಧಿ ಸಿಂಪಡಿಸುವ ಬ್ಲೋವರ್ ರಿಪೇರಿಗೆ ಬಂದವನು ಹಣ್ಣಿನ ಹತ್ತಿರ ಡೀಸೆಲ್ ಚೆಲ್ಲಿದನೆಂದು ರೇವಪ್ಪನ ಕೈಲಿ ಬೈಸಿಕೊಂಡು, ತಿರುಗಿ ಬೈದು, ಪಾನಾ ಬಿಸಾಕಿ ಹೋಗಿದ್ದ. ಅಷ್ಟು ಸಾಕಾಯಿತು ಸಿಪಿಐ ಸತೀಶಕುಮಾರ ಸಾಹೇಬರಿಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. ಇರ್ಫಾನ ಅದೇ ರಾತ್ರಿ ಒಳಗಾದ. ಕೋರ್ಟು ಕೊಟ್ಟ ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತದೆ, ಮೂರು ಗಂಟೆಗೆ ಅವನನ್ನು ಮತ್ತೆ ಹಾಜರುಪಡಿಸಬೇಕು.

ಮಿನಾಜ ಮೂರನೇ ರ‍್ಯಾಕಿನ ಮುಂದೆ ಮೊಣಕಾಲೂರಿ ಕೂತಳು. ರ‍್ಯಾಕ್ ಎಂದರೆ ಕಬ್ಬಿಣದ ಕಂಬಗಳ ಮೇಲೆ ಹತ್ತು ಹಂತ ಬಲೆ, ಬಲೆಯ ಮೇಲೆ ದ್ರಾಕ್ಷಿ, ಬದಿಗೆ ಸುತ್ತಿಟ್ಟ ತಾಡಪತ್ರಿ. ಮಳೆ ಬಂದರೆ ತಾಡಪತ್ರಿ ಇಳಿಸಿ ಕೆಳಗಿನ ಕೊಂಡಿಗೆ ಹಗ್ಗ ಕಟ್ಟಬೇಕು. ಕಟ್ಟಿಯೇ ಇತ್ತು. ಆದರೆ ಆ ನೈಲಾನ್ ಹಗ್ಗದ ತುದಿ ಚಪ್ಪಟೆಯಾಗಿತ್ತು. ಎಳೆಗಳು ಅಲ್ಲಲ್ಲಿ ಜಜ್ಜಿದ್ದವು.

"ನೇತ್ರಾ, ಇಲ್ಲಿ ಬಾ. ಇದು ಏನ ಅನಸ್ತದ?"

ಕಾನ್‌ಸ್ಟೇಬಲ್ ನೇತ್ರಾ ದ್ರಾಕ್ಷಿ ತೋಟದಲ್ಲೇ ಬೆಳೆದ ಹುಡುಗಿ. ಬಗ್ಗಿ ನೋಡಿದಳು. "ಹಲ್ಲ ರೀ ಮೇಡಮ್. ಯಾರೋ ಹಲ್ಲಿಲೆ ಕಚ್ಚಿ ಎಳದಾರ. ಎರಡೂ ಕೈ ಗಟ್ಟಿ ಇದ್ದವ್ರು ಹಿಂಗ್ಯಾಕ ಮಾಡ್ತಾರ?"

ಫೋಟೊ ತೆಗೆದು, ಪಂಚರನ್ನು ಕರೆಸಿ, ಗಂಟನ್ನು ಬಿಚ್ಚದೆ ಮೇಲಿನಿಂದ ಹಗ್ಗ ಕತ್ತರಿಸಿ ಲಕೋಟೆಗೆ ಹಾಕಿದರು. ಆಮೇಲೆ ಮಿನಾಜ ತಾಡಪತ್ರಿಯನ್ನು ಮೆಲ್ಲಗೆ ಎತ್ತಿದಳು.

ಒಳಗಿನ ಕಂಬದ ಮೇಲೆ, ಮೊಣಕಾಲೆತ್ತರದಲ್ಲಿ, ಒಣಗಿದ ರಕ್ತದ ಹನಿಗಳು. ಬಲೆಯ ಅಂಚಿಗೂ ನಾಲ್ಕಾರು. ತಾಡಪತ್ರಿ ಮಾತ್ರ ಒಳಗೂ ಹೊರಗೂ ಸ್ವಚ್ಛ. ಒಂದು ಹನಿಯೂ ಇಲ್ಲ.

ಮಿನಾಜ ಕಂಬದಿಂದ ತಾಡಪತ್ರಿಗೆ, ತಾಡಪತ್ರಿಯಿಂದ ಕಂಬಕ್ಕೆ ಕಣ್ಣಾಡಿಸಿದಳು.

"ರೇವಪ್ಪಗ ಪೆಟ್ಟು ಬಿದ್ದಾಗ ಈ ತಾಡಪತ್ರಿ ಮ್ಯಾಲಿತ್ತು," ಎಂದಳು. "ಇಳಿದಿದ್ರ ರಕ್ತ ಇದರ ಹೊರಮೈಗೆ ಸಿಡೀತಿತ್ತು, ಕಂಬಕ್ಕ ಹತ್ತತಿರಲಿಲ್ಲ. ಪೆಟ್ಟ ಬಿದ್ದ ಮ್ಯಾಲ ಯಾರೋ ಇಳಿಸ್ಯಾರ."

"ಮಳಿ ಸುರು ಆಗಿದ್ದು ಐದೂ ನಲವತ್ತಕ್ಕ ರೀ. ಹೆಣದ ಕೆಳಗಿನ ನೆಲ ಒಣಗಿತ್ತು, ಈ ಹಣ್ಣೂ ನೆನದಿಲ್ಲ," ಎಂದಳು ನೇತ್ರಾ. "ಅಂದ್ರ ಕೊಂದ ಮ್ಯಾಲ, ಮಳಿ ಬರೂಕಿಂತ ಮೊದಲ."

ವಿದ್ಯಾವತಿಯೂ ಹತ್ತಿರ ಬಂದಳು. ಗಂಡ ತೀರಿಕೊಂಡ ಮೇಲೆ ಶೆಡ್ಡನ್ನು ತಾನೇ ನಡೆಸುವ ಗಟ್ಟಿ ಹೆಂಗಸು, ಮಾತೂ ಅಷ್ಟೇ ಗಟ್ಟಿ. "ಮಂಗಳವಾರ ಆಳುಗಳೆಲ್ಲ ಮದವಿಗೆ ಅಂತ ಮಧ್ಯಾಹ್ನನ ಹೋದ್ರು ರೀ. ಒಂದು ಎರಡನೇ ರ‍್ಯಾಕಿಗೆ ತಾಡಪತ್ರಿ ಇಳಿಸಿ ಹೋಗಿದ್ರು. ಮೂರನೇದು ಹಸಿ ಹಣ್ಣು, ಗಾಳಿ ಬೇಕಂತ ಎತ್ತಿಟ್ಟಿದ್ರು. ರೇವಪ್ಪ ಒಬ್ಬನ ಇದ್ದ."

"ಇರ್ಫಾನಗ ಇದನ್ನ ಇಳಿಸಾಕ ಬರ್ತದೇನ್ರಿ?"

"ಆ ಪುಣ್ಯಾತ್ಮ ಹಣ್ಣಿನ ಮ್ಯಾಲ ಡೀಸೆಲ್ ಚೆಲ್ಲಾಂವ. ಅವಗ ಮಳಿ ಆದ್ರೇನು, ಬಿಸಲಾದ್ರೇನು!"

ಕೊಂದವನು ದ್ರಾಕ್ಷಿಯವನು. ಕಾಲ ಬಳಿ ಮನುಷ್ಯ ಪ್ರಾಣ ಬಿಡುತ್ತಿದ್ದರೂ ಪಡುವಣದ ಮೋಡ ನೋಡಿ, ಹಣ್ಣು ನೆನೆಯುತ್ತದೆಂದು ತಾಡಪತ್ರಿ ಇಳಿಸಿ ಹೋದವನು. ಅದೂ ತನ್ನದಲ್ಲದ, ಬಬಲೇಶ್ವರದ ಯಾವನೋ ಬಡ ರೈತನ ಹಣ್ಣಿಗೆ.

ಮಿನಾಜ ಫೋನ್ ತೆಗೆದು ಹಳೆಯ ಕಡತದ ಒಂದು ಚಿತ್ರ ತೆರೆದಳು. ಹನ್ನೆರಡು ವರ್ಷದ ಹಿಂದಿನದು. ಇದೇ ಶೆಡ್, ಆಗ ಇದ್ದದ್ದು ಒಂದೇ ರ‍್ಯಾಕ್. ಅದರ ಬುಡದಲ್ಲಿ ಅಂಗಾತ ಬಿದ್ದವರು ಅವಳ ಅಬ್ಬಾ, ಮೇಸ್ತ್ರಿ ಮುರ್ತುಜಾಸಾಬ. ಅಂಗಿ ಒದ್ದೆ. ಹಿಂದೆ ತಾಡಪತ್ರಿ ಇಳಿದಿತ್ತು, ಹಗ್ಗ ಕಟ್ಟಿತ್ತು. ಅಂದೂ ಅಡ್ಡಮಳೆ ಬಂದಿತ್ತು.

'ಕುಡಿದು ಮೇಲಿನಿಂದ ಬಿದ್ದು ಸಾವು' ಎಂದು ಬರೆದು ಕಡತ ಮುಚ್ಚಿದ್ದರು. ಬೀಡಿಯನ್ನೂ ಸೇದದ ಮನುಷ್ಯ ಸತ್ತ ಮೇಲೆ ಕುಡುಕನಾದ. ಅವ್ವ ದಾವಲಬಿಯೂ ಮದುವೆಯಾದಾಗಿನಿಂದ ಶೆಡ್ಡಿನಲ್ಲಿ ದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದವಳು. ಅಂದಿನಿಂದ ತಿಕೋಟಾದ ಹೆಸರೆತ್ತಿಲ್ಲ. ಶಾಲೆಯಲ್ಲಿ "ಶೆರೆಗುಡಕನ ಮಗಳು" ಎಂದು ಕರೆಸಿಕೊಂಡ ಮಿನಾಜ ಪೊಲೀಸು ಸೇರಿದ್ದೇ ಆ ಒಂದು ಸಾಲನ್ನು ಅಳಿಸಲು. ಸೋಮವಾರ ರೇವಪ್ಪ ತಾನಾಗಿ ಫೋನ್ ಮಾಡಿ, "ನಿಮ್ಮಪ್ಪಾರ ವಿಷಯ ಒಂದ ಮಾತ ಹೇಳೂದದ, ಬಾಯಿ ಕಟ್ಟಿಕೊಂಡ ಸಾಯಾಕ ಮನಸಿಲ್ಲ," ಎಂದಿದ್ದ. ಮಂಗಳವಾರ ಅವನ ಬಾಯಿಯೇ ಕಟ್ಟಿತು.

"ವಿದ್ಯಾವತಿ ಅಕ್ಕಾರ, ಈ ಶೆಡ್ಡಿಗೆ ಬರೂ ದ್ರಾಕ್ಷಿ ಮಂದ್ಯಾಗ ಕೈ ಊನ ಇದ್ದವ್ರು ಯಾರರ ಅದಾರೇನು?"

ವಿದ್ಯಾವತಿ ಸೆರಗು ಸರಿಪಡಿಸಿಕೊಂಡಳು. "ಛೇ, ಅವ್ರು ದೇವರಂಥವ್ರು ರೀ," ಎಂದಳು.

ದೇವರಂಥವರು ಮಿನಾಜಳ ಕರೆಯ ಮೇಲೆ ಮಧ್ಯಾಹ್ನ ಹನ್ನೆರಡೂವರೆಗೆ ಬಂದರು, ಕಾಖಂಡಕಿಯಿಂದ ಎರಡು ಬಸ್ಸು ಬದಲಿಸಿ. ಗುರುಪಾದಯ್ಯ, ಅರವತ್ತರ ಹತ್ತಿರ, ಹಣೆತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವೆಲ್. ಕಬ್ಬನ್ನು ಇನ್ನೂ ಹಲ್ಲಿನಲ್ಲೇ ಸಿಗಿಯುತ್ತಾರೆಂದು ಊರವರು ಹೊಗಳುವುದುಂಟು. ಬಲಗೈಯ ಹೆಬ್ಬೆರಳು, ತೋರುಬೆರಳು ಹದಿನೈದು ವರ್ಷದ ಹಿಂದೆಯೇ ಮೇವು ಕತ್ತರಿಸುವ ಯಂತ್ರಕ್ಕೆ ಹೋಗಿದ್ದವು. ಪ್ರತಿವರ್ಷ ಇದೇ ಶೆಡ್ಡಿನಲ್ಲಿ ಹಣ್ಣು ಒಣಗಿಸುತ್ತಿದ್ದರು.

ಅವರ ಹಿಂದೆಯೇ ಸಿಪಿಐ ಸತೀಶಕುಮಾರರ ಜೀಪು ಬಂತು. ಇಳಿಯುವ ಮೊದಲೇ ಶುರುಮಾಡಿದರು. "ಮಿನಾಜ, ಮೂರಕ್ಕ ಕೋರ್ಟ್ ಅದ. ನೀವಿಲ್ಲಿ ಹಣ್ಣ ಕಾಯಾಕತ್ತೀರೇನು? ಪಾನಾ ಅದ, ಜಗಳ ಅದ, ಮತ್ತೇನ ಬೇಕು ನಿಮಗ?"

"ಅರ್ಧ ತಾಸು ಕೊಡ್ರಿ ಸರ್. ತಪ್ಪಿದ್ರ ನಾನ ಇರ್ಫಾನನ ಮ್ಯಾಲ ವರದಿ ಬರೀತೀನಿ."

"ಅರ್ಧ ತಾಸು. ಅದಕ್ಕಿಂತ ಒಂದ ನಿಮಿಷ ಹೆಚ್ಚಿಲ್ಲ."

ಗಾಳಿಯಾಡಲೆಂದು ಮೊದಲನೇ ರ‍್ಯಾಕಿನ ತಾಡಪತ್ರಿಗಳನ್ನು ಬೆಳಗ್ಗೆಯೇ ಎತ್ತಿ ಕಟ್ಟಿದ್ದರು. ಹತ್ತು ದಿನ ಒಣಗಿದ ವಿದ್ಯಾವತಿಯ ಸ್ವಂತ ಹಣ್ಣು, ಹಸಿರು ಹೊಂಬಣ್ಣಕ್ಕೆ ತಿರುಗಿತ್ತು. ಮಿನಾಜ ಗುರುಪಾದಯ್ಯರನ್ನು ಅದರ ಹತ್ತಿರವೇ ಕುರ್ಚಿ ಹಾಕಿ ಕೂರಿಸಿದಳು. ಆಳುಗಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದಳು. ಇಬ್ಬರು ಪಂಚರು ಒಂದು ಬದಿಗೆ, ಒಬ್ಬರ ಕೈಯಲ್ಲಿ ವಿಡಿಯೊ.

"ಅಯ್ಯಾರ, ಮಂಗಳವಾರ ಸಂಜಿಗೆ ಎಲ್ಲಿದ್ರಿ?"

"ಊರಾಗ, ತಂಗಿ. ನನ್ನಂಥಾ ಮುದುಕ ಮತ್ತೆಲ್ಲಿಗೆ ಹೋಗ್ಲಿ?"

"ಇಲ್ಲಿಗೆ ಬಂದಿರಲಿಲ್ಲ?"

"ಹದಿನೈದ ದಿನ ಆತು ಈ ಕಡೆ ಬಂದು. ರೇವಪ್ಪನ ಮಣ್ಣಿಗೂ ಬರಾಕ ಆಗಲಿಲ್ಲ, ಅದ ಒಂದ ಸಂಕಟ." ಕಣ್ಣಂಚು ಒರೆಸಿಕೊಂಡರು.

"ರ‍್ಯಾಕಿಗೆ ತಾಡಪತ್ರಿ ಇಳಿಸಿ ಕಟ್ಟೂದು ನಿಮಗ ಬರ್ತದಲ್ರಿ?"

ಗುರುಪಾದಯ್ಯ ನಕ್ಕು ಬಲಗೈ ಎತ್ತಿ ತೋರಿಸಿದರು. "ಈ ಕೈಲೆ? ಅಂಗಿ ಗುಂಡಿ ಸೈತ ನಮ್ಮಾಕಿ ಹಾಕ್ತಾಳ. ಬೆರಳ ಹೋದ ಮ್ಯಾಲ ನಾ ಒಂದ ಹಗ್ಗ ಕಟ್ಟಿಲ್ಲ ತಂಗಿ. ದೇವರಾಣಿ."

"ಪಂಚರು ಕೇಳಿದ್ರೆಲ್ಲ? ಒಂದ ಹಗ್ಗ ಕಟ್ಟಿಲ್ಲ ಅಂತಾರ," ಎಂದು ಮಿನಾಜ ನೇತ್ರಾಳ ಕಡೆ ತಿರುಗಿ ತಲೆಯಾಡಿಸಿದಳು.

ಶೆಡ್ಡಿನ ಹಿಂದೆ ಟ್ರ್ಯಾಕ್ಟರ್ ಗುರ್ರೆಂದಿತು. ಇರ್ಫಾನ ರಿಪೇರಿ ಮಾಡಿಹೋದ ಬ್ಲೋವರ್, ಅವನ ಕೈಗುಣ ಸುಳ್ಳಲ್ಲ, ಒಂದೇ ಸಲಕ್ಕೆ ಚಾಲೂ ಆಯಿತು. ನೇತ್ರಾ ಅದರ ಬಾಯಿಯನ್ನು ಆಕಾಶಕ್ಕೆ ತಿರುಗಿಸಿದಳು. ಔಷಧಿ ಹೊಡೆಯುವ ಟ್ಯಾಂಕಿನಲ್ಲಿ ತುಂಬಿದ್ದ ಶುದ್ಧ ನೀರು ಮೇಲೇರಿ, ಬಿಸಿಲಲ್ಲಿ ಹೊಳೆದು, ಜಡಿಮಳೆಯಾಗಿ ರ‍್ಯಾಕಿನ ಪಡುವಣ ಬದಿಗೆ ಸುರಿಯಿತು.

"ಅಯ್ಯಯ್ಯೋ! ಯಾರಲೇ ಅದು! ನನ್ನ ಹಣ್ಣ!" ವಿದ್ಯಾವತಿ ಚೀರಿದಳು. ಓಡಿಹೋಗಿ ಯಾವ ಹಗ್ಗ ಎಳೆಯಬೇಕೆಂದು ತಿಳಿಯದೆ ಎರಡನ್ನೂ ಎಳೆದಳು. ಯಜಮಾನಿಕೆ ಮಾಡಿದವಳಿಗೆ ಹಗ್ಗದ ಲೆಕ್ಕ ಎಲ್ಲಿಂದ ಬರಬೇಕು. ಸತೀಶಕುಮಾರ ಸಾಹೇಬರು ಟೋಪಿ ಹಿಡಿದುಕೊಂಡು ಹಿಂದೆ ಸರಿದರು.

ಗುರುಪಾದಯ್ಯ ಕುರ್ಚಿಯಲ್ಲಿರಲಿಲ್ಲ.

ಟವೆಲ್ ಕೆಳಗೆ ಬಿದ್ದಿತ್ತು. ಇಪ್ಪತ್ತರ ಹುಡುಗನ ಹಾಗೆ ಎರಡೇ ಹೆಜ್ಜೆಗೆ ರ‍್ಯಾಕ್ ತಲುಪಿ, ವಿದ್ಯಾವತಿಯನ್ನು ಪಕ್ಕಕ್ಕೆ ಸರಿಸಿ, ಎಡಗೈಯಲ್ಲಿ ಮೇಲಿನ ಹಗ್ಗ ಜಗ್ಗಿದರು. ತಾಡಪತ್ರಿ ದಡಕ್ಕನೆ ಇಳಿಯಿತು. ಹಗ್ಗವನ್ನು ಕೊಂಡಿಗೆ ಸುತ್ತಿ, ಕುಣಿಕೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬಗ್ಗಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು ಎಳೆದರು.

ಬ್ಲೋವರ್ ನಿಂತಿತು.

ಬಲೆಗಳಿಂದ ತೊಟಕ್ ತೊಟಕ್ ಎಂದು ನೀರು ಸೋರುತ್ತಿತ್ತು. ಗುರುಪಾದಯ್ಯ ಬಗ್ಗಿದವರು ಬಗ್ಗಿದ ಹಾಗೇ ಉಳಿದರು. ಹಗ್ಗ ಇನ್ನೂ ಬಾಯಲ್ಲಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇಲ್ಲಿ ಸುಡುವ ಅಗತ್ಯವೂ ಬೀಳಲಿಲ್ಲ.

"ಹಂಗ ಇರ್ರಿ ಅಯ್ಯಾರ," ಮಿನಾಜಳ ದನಿ ಮೆತ್ತಗಿತ್ತು. "ವಿಡಿಯೊದಾಗ ಚೆಂದ ಬರ್ಲಿ."

ಹಗ್ಗ ಬಾಯಿಂದ ಜಾರಿತು. "ಹಣ್ಣ ನೆನೀತಿತ್ತಲ್ಲ ತಂಗಿ..."

"ಮಂಗಳವಾರನೂ ನೆನೀತಿತ್ತೇನ್ರಿ?"

ಗುರುಪಾದಯ್ಯ ಒದ್ದೆ ನೆಲದ ಮೇಲೇ ಕುಸಿದು ಕೂತರು.

"ಮೋಡ ಕಪ್ಪಗಾಗಿತ್ತು," ಎಂದರು. "ಮಂದಿ ಹಣ್ಣು. ವರ್ಷದ ದುಡಿಮಿ. ಕಣ್ಣಾರೆ ನೋಡಿ ಹೆಂಗ ಬಿಟ್ಟ ಹೋಗ್ಲಿ?"

"ರೇವಪ್ಪನ್ನ ಬಿಟ್ಟ ಹೋಗಾಕ ಆತು. ಅವಂದು ಎಷ್ಟ ವರ್ಷದ ದುಡಿಮಿ ಇತ್ರಿ?"

ಆ ಮಾತಿಗೆ ಮುದುಕ ಮುಖ ಮುಚ್ಚಿಕೊಂಡ. ಹೊರಗೆ ಗೇಟಿಗೆ ಆತು ನಿಂತಿದ್ದ ಹೆಣ್ಣಾಳೊಬ್ಬಳು ಜೋರಾಗಿ ಅಳಲು ಶುರುಮಾಡಿದಳು. ಸತೀಶಕುಮಾರರು ಕತ್ತರಿಸಿದ ಹಗ್ಗದ ಲಕೋಟೆಯನ್ನೂ ಈಗಿನ ಹಗ್ಗವನ್ನೂ ಎರಡೆರಡು ಸಲ ನೋಡಿದರು. ಪೊಲೀಸರ ಮುಂದೆ ಆಡಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಹಗ್ಗಕ್ಕೆ ಹತ್ತಿದ ಎಂಜಲು ನಿಲ್ಲುತ್ತದೆ.

"ಮಿನಾಜ," ಎಂದರು ಸಾಹೇಬರು. "ಇರ್ಫಾನನ್ನ ಬಿಡಾಕ ಕೋರ್ಟಿಗೆ ನಾನ ಬರದ ಕೊಡ್ತೀನಿ. ತಪ್ಪು ನಂದು." ನೇತ್ರಾ ಬಾಯಿ ತೆರೆದು ಅವರನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು.

ಮಿನಾಜ ಗುರುಪಾದಯ್ಯರ ಎದುರು ಕೂತಳು. ಹನ್ನೆರಡು ವರ್ಷ ಕಾದ ಪ್ರಶ್ನೆ.

"ಮುರ್ತುಜಾಸಾಬರನ್ನೂ ನೀವ ಕೊಂದ್ರಿ."

ಮುದುಕ ತಲೆ ಎತ್ತಿದ. "ಜಗಳ ಆಗಿತ್ತು, ಅದು ಖರೆ. ನನ್ನ ಹಣ್ಣು ಕೊಳ್ಯಾಕತ್ತಿತ್ತು. ರ‍್ಯಾಕ್ ಖಾಲಿ ಮಾಡಿ ಕೊಡು ಅಂದೆ. ಸರದಿ ಬಿಟ್ಟು ಕೊಡಂಗಿಲ್ಲ ಅಂದ್ರು ನಿಮ್ಮಪ್ಪಾರು. ದಬ್ಬಿದೆ. ಬಿದ್ರು. ರೇವಪ್ಪ ಅಷ್ಟ ನೋಡಿದ್ದ, ನಿಮ್ಮ ಮುಂದ ಹೇಳ್ತೀನಂತ ಹಟಕ್ಕ ಬಿದ್ದ. ಮಂಗಳವಾರ ಬ್ಯಾಡ ಅನ್ನಾಕ ಬಂದೆ, ಕೇಳಲಿಲ್ಲ, ಕೈಗೆ ಪಾನಾ ಸಿಕ್ತು."

"ಕುಡಿದಿದ್ರೇನು?"

"ಶಿವ ಶಿವಾ. ಅವ್ರು ಚಾ ಬಿಟ್ರ ಏನೂ ಮುಟ್ಟಿದವ್ರಲ್ಲ."

ಪಂಚರು ಕೇಳಿದರು, ವಿಡಿಯೊ ಕೇಳಿತು, ಗೇಟಿನ ಹೊರಗಿನ ಮೂವತ್ತು ಆಳುಗಳು ಕೇಳಿದರು. ಮಿನಾಜ ಒಂದು ಕ್ಷಣ ಕಣ್ಣು ಮುಚ್ಚಿದಳು. ಅಳು ಬರುತ್ತದೆಂದುಕೊಂಡಿದ್ದಳು, ಬಂದದ್ದು ನಗು.

"ಆದ್ರ ತಂಗಿ," ಗುರುಪಾದಯ್ಯ ಅವಳ ಮುಖವನ್ನೇ ನೋಡಿದರು, "ನಾ ಹೋಗೂ ಮುಂದ ಅವ್ರು ಎದ್ದ ಕುಂತಿದ್ರು. ಜೀವ ಇತ್ತು, ನನ್ನ ಬೈಯಾಕತ್ತಿದ್ರು. ಮಳಿ ಬಂದಿರಲಿಲ್ಲ, ತಾಡಪತ್ರಿ ಮ್ಯಾಲಿತ್ತು. ಅದನ್ನ ಇಳಿಸಿದವ್ರು ಯಾರು, ಅವರನ್ನ ಕೇಳ್ರಿ."

"ಸಿಕ್ಕಿಬಿದ್ದಾಂವ ಕಡೀಗೆ ಹೇಳೂ ಮಾತು ಇದ," ಎಂದು ಸತೀಶಕುಮಾರರು ಮುಂದೆ ಬಂದರು. "ನಿಮ್ಮ ತಂದಿ ಕಡತ ನೀವು ಮುಟ್ಟೂಹಂಗಿಲ್ಲ ಮಿನಾಜ, ಕಾಯ್ದೆ ಅದ. ಆದ್ರ ನಾಳೆ ಬೆಳಿಗ್ಗೆ ಅದನ್ನ ನಾ ತೆರಸ್ತೀನಿ. ಕುಡುಕ ಅನ್ನೂ ಅಕ್ಷರ ಮೊದಲ ಅಳಸ್ತೀನಿ."

ಜೀಪು ಗೇಟು ದಾಟುವಾಗ ಹೆಣ್ಣಾಳುಗಳು ಚಪ್ಪಾಳೆ ತಟ್ಟಿದರು. ವಿದ್ಯಾವತಿ ನೆನೆದ ಎರಡು ಬಲೆ ಹಣ್ಣಿಗಾಗಿ ನೇತ್ರಾಳನ್ನು ಮನಸಾರೆ ಬೈದು, ಅದೇ ಬಾಯಿಂದ ಎಲ್ಲರಿಗೂ ಚಹಾ ತರಿಸಿದಳು.

ಸಂಜೆ ಆರಕ್ಕೆ ಮಿನಾಜ ಸ್ಟೇಷನ್ ರಸ್ತೆಯ ಹಿಂದಿನ ಮನೆಗೆ ಬಂದಳು. ಇರ್ಫಾನ ಮನೆ ಮುಟ್ಟಿದ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು.

"ಅಮ್ಮೀ!" ಬೂಟು ಬಿಚ್ಚುವ ಮೊದಲೇ ಅವ್ವನನ್ನು ಹಿಂದಿನಿಂದ ತಬ್ಬಿಕೊಂಡಳು. "ಅಬ್ಬಾ ಕುಡಿದಿರಲಿಲ್ಲ! ಕೊಂದಾಂವ ತನ್ನ ಬಾಯಿಲೆ ಹೇಳ್ಯಾನ. ಊರ ಮುಂದ ಹೇಳ್ಯಾನ!"

ದಾವಲಬಿ ತಿರುಗಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. "ನನ್ನ ಹುಲಿ," ಎಂದಳು. "ಹನ್ನೆರಡ ವರ್ಷ ಆತು ಬೇಟಾ, ಹನ್ನೆರಡ ವರ್ಷ ನಾ ತಲಿ ತಗ್ಗಿಸಿ ನಡದೆ." ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಕೆಲಸಕ್ಕೆ ತಿರುಗಿದಳು. "ಆ ಇರ್ಫಾನ ನಾಲ್ಕ ದಿನ ಲಾಕಪ್ಪಿನ ಕೂಳು ಉಂಡಾನ. ಅವನ ಮನಿಗೆ ರೊಟ್ಟಿ, ಪುಂಡಿಪಲ್ಯ ಕಳಸ್ತೀನಿ."

ಮಿನಾಜ ಹೊಸ್ತಿಲ ಮೇಲೆ ಕೂತು ಫೋನ್ ತೆಗೆದಳು. ಗೆದ್ದ ದಿನ ಅಬ್ಬಾನನ್ನು ಒಮ್ಮೆ ನೋಡಬೇಕೆನಿಸಿತು. ಕಡತದ ಆ ಹಳೆಯ ಚಿತ್ರ ತೆರೆದು ಅವರ ಮುಖ ನೋಡಿದಳು. ಆಮೇಲೆ, ಗುರುಪಾದಯ್ಯನ ಮಾತು ತಲೆಯಲ್ಲಿ ಉಳಿದಿದ್ದಕ್ಕೋ ಏನೋ, ಹಿಂದಿನ ತಾಡಪತ್ರಿಯ ಹಗ್ಗವನ್ನು ಬೆರಳಿನಿಂದ ಹಿಗ್ಗಿಸಿದಳು. ಜಜ್ಜಿದ ತುದಿ ಹುಡುಕಿದಳು. ತುದಿಯೇ ಕಾಣಲಿಲ್ಲ. ಎರಡು ಸುತ್ತು, ಒಂದು ಗಂಟು, ಉಳಿದ ತುದಿಯನ್ನು ಸುತ್ತಿನೊಳಗೆ ತಿರುಗಿಸಿ ತುರುಕಿತ್ತು, ಗಾಳಿಗೆ ಸಡಿಲಾಗದಂತೆ.

ಎಲ್ಲೋ ನೋಡಿದ ಗಂಟು.

ತಲೆ ಎತ್ತಿದಳು. ಎದುರಿಗೆ ಅವ್ವ ಬುತ್ತಿಯ ಬಟ್ಟೆ ಕಟ್ಟುತ್ತಿದ್ದಳು. ಎರಡು ಸುತ್ತು. ಒಂದು ಗಂಟು. ಉಳಿದ ತುದಿ ಒಳಗೆ. ಶಾಲೆಗೆ ಹೋಗುವಾಗ ದಿನಾ ಬಿಚ್ಚಿದ ಗಂಟು, ಟ್ರೇನಿಂಗಿಗೆ ಹೋಗುವಾಗ ರೈಲಿನಲ್ಲಿ ಬಿಚ್ಚಿದ ಗಂಟು.

ಮಿನಾಜ ಚಿತ್ರದ ಹಗ್ಗವನ್ನೂ ಅವ್ವನ ಬುತ್ತಿಯನ್ನೂ ಮತ್ತೊಮ್ಮೆ ನೋಡಿದಳು.

"ಅಮ್ಮೀ," ಎಂದಳು. "ಅಬ್ಬಾ ತೀರಿಕೊಂಡ ದಿನ ನೀ ಬಬಲೇಶ್ವರದಾಗ ಖಾಲಾ ಮನಿಯಾಗ, ನಿನ್ನ ಅಕ್ಕನ ಹಂತ್ಯಾಕ ಇದ್ದಿ. ಹೌದಲ್ಲ?"

ದಾವಲಬಿಯ ಕೈ ನಿಂತಿತು. ಅವಳು ಮಗಳನ್ನು ನೋಡಲಿಲ್ಲ, ಮಗಳ ಕೈಯಲ್ಲಿ ಹೊಳೆಯುತ್ತಿದ್ದ ಫೋನನ್ನು ನೋಡಿದಳು.

ಆಮೇಲೆ ಕಟ್ಟಿದ ಗಂಟನ್ನು ಮೆಲ್ಲಗೆ ಬಿಚ್ಚಿ, ಬೇರೆ ಥರ ಕಟ್ಟತೊಡಗಿದಳು.